ಗುಡ್ಡ ಒಣಗಿದೆ, ಕಡ್ಡಿ ಗೀರಬೇಡಿ

ಮಕ್ಕಳೇ, ದೀಪಾವಳಿ ಕಳೆದ ಮೇಲೆ ಠಾಣೆಯ ಯೇವೂರು, ಮುಂಬ್ರಾದ ಪಾರಸಿಕ್, ಕಲ್ಯಾಣದಾಚೆಯ ಮಲಂಗಗಡ, ಖಾರ್ಘರ್ ಗುಡ್ಡಗಳನ್ನು ನೋಡಿದ್ದೀರಾ? ಮಳೆಗಾಲದಲ್ಲಿ ಎತ್ತರಕ್ಕೆ ಬೆಳೆದ ಹುಲ್ಲೆಲ್ಲ ಒಣಗಿ ನಿಂತಿರುತ್ತದೆ. ಜೂನ್‌ವರೆಗೆ ಹೇಳಿಕೊಳ್ಳುವಂಥ ಮಳೆಯಿಲ್ಲ, ಸಿಡಿಲು ಹೊಡೆಯುವುದೂ ಅಪರೂಪ. ಆದರೂ ಗುಡ್ಡ ಹತ್ತಿ ಉರಿಯುತ್ತದೆ ಎಂದರೆ ಕಡ್ಡಿ ಗೀರಿದವರು ಮನುಷ್ಯರೇ.

ಭಾನುವಾರ ಯೇವೂರಿಗೆ ಹೋಗಬೇಡಿ ಎನ್ನುವುದಿಲ್ಲ. ಅದು ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಅಂಚು, ಚಿರತೆ ಓಡಾಡುವ ಕಾಡು. ಊಟದ ಡಬ್ಬಿ ಕಟ್ಟಿಕೊಂಡು ಹೋಗಿ, ಅಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಬೇಡಿ. ಬೀಡಿ, ಸಿಗರೇಟು ಮನೆಯಲ್ಲೇ ಇರಲಿ. ಮೀಸಲು ಅರಣ್ಯಕ್ಕೆ ಬೆಂಕಿಯಿಡುವುದು 1927ರ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ.

ಸುಟ್ಟರೆ ಹೊಸ ಹುಲ್ಲು ಚೆನ್ನಾಗಿ ಬರುತ್ತದೆ ಎನ್ನುವವರಿದ್ದಾರೆ. ಹುಲ್ಲೇನೋ ಬರುತ್ತದೆ. ಆದರೆ ಎಳೆ ಸಸಿಗಳೂ ನೆಲದ ಮೇಲಿನ ಗೂಡುಗಳೂ ಉಳಿಯುವುದಿಲ್ಲ. ಬೋಳಾದ ಮಣ್ಣನ್ನು ಮೊದಲ ಮಳೆಯೇ ಕೆಳಗಿನ ನಾಲೆಗೆ ತಳ್ಳುತ್ತದೆ. ಅರಣ್ಯ ಇಲಾಖೆಯವರು ಕಾವಲಿದ್ದು, ಬೆಂಕಿ ದಾಟಿ ಹಬ್ಬದಿರಲೆಂದು ಪಟ್ಟಿಯಾಗಿ ಬೆಂಕಿ ರೇಖೆ ಸುಡುವುದು ಬೇರೆ, ನಾವು ಸುಮ್ಮನೆ ಹಚ್ಚುವುದು ಬೇರೆ.

ಊರೊಳಗೂ ಇದೇ ಮಾತು. ಸೊಸೈಟಿಯ ವಾಚ್‌ಮನ್ ಬೆಳಗ್ಗೆ ತರಗೆಲೆ ಗುಡ್ಡೆ ಹಾಕಿ ಸುಟ್ಟರೆ ಅವನನ್ನು ಬೈಯಬೇಡಿ. ಎಲೆಯನ್ನು ಎಲ್ಲಿ ಹಾಕಬೇಕೆಂದು ಅವನಿಗೆ ಯಾರೂ ಹೇಳಿರುವುದಿಲ್ಲ. ಕಮಿಟಿಯವರಿಗೆ ಹೇಳಿ ಒಂದು ಗೊಬ್ಬರದ ಗುಂಡಿ ತೋಡಿಸಿ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ಹೋಳಿಯನ್ನು ಮರ, ವೈರುಗಳಿಂದ ದೂರ ಹೊತ್ತಿಸಿ, ಅದಕ್ಕೆ ಟಯರು, ಪ್ಲಾಸ್ಟಿಕ್ ಹಾಕಬೇಡಿ. ಮನೆಗೆ ಹೊರಡುವ ಮೊದಲು ಬೂದಿಗೆ ನೀರು ಸುರಿದು, ಕೆದಕಿ, ಮತ್ತೆ ಸುರಿಯಿರಿ. ಬೂದಿಯಡಿಯ ಕೆಂಡ ಹೊರಗೆ ಕಾಣುವುದಿಲ್ಲ.

ಗುಡ್ಡದಲ್ಲಿ ಬೆಂಕಿ ಕಂಡರೆ ಆರಿಸುತ್ತೇವೆಂದು ಮೇಲೆ ಹತ್ತಬೇಡಿ. ಏರಿನಲ್ಲಿ ಜ್ವಾಲೆ ಮುಂದಿನ ಹುಲ್ಲನ್ನು ಮೊದಲೇ ಕಾಯಿಸಿರುತ್ತದೆ, ಹಾಗಾಗಿ ಬೆಂಕಿ ನಿಮಗಿಂತ ಬೇಗ ಮೇಲೇರುತ್ತದೆ. 2017ರಲ್ಲಿ ನಮ್ಮ ಬಂಡೀಪುರದಲ್ಲಿ ಕಾಳ್ಗಿಚ್ಚು ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಜೀವ ಕಳೆದುಕೊಂಡರು. ಕಾಡು ಬಲ್ಲವರ ಪಾಡೇ ಹಾಗಾಯಿತು.

ನೀವು ಪಕ್ಕದ ದಾರಿಯಲ್ಲಿ ಕೆಳಗಿಳಿಯಿರಿ, ಜಾಗದ ಗುರುತು ಹೇಳಿ ಫೋನ್ ಮಾಡಿ. ಮಹಾರಾಷ್ಟ್ರ ಅರಣ್ಯ ಇಲಾಖೆಯ ಸಹಾಯವಾಣಿ 1926, ಅಗ್ನಿಶಾಮಕ ದಳ 101. ಎರಡನ್ನೂ ಇವತ್ತೇ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ.