ಗೊತ್ತಿಲ್ಲದ್ದನ್ನು ಕೇಳಲು ನಾಚಿಕೆ ಬೇಡ

ಪ್ರಶ್ನೆ: ಅಪ್ಪ ಹಾಸಿಗೆ ಹಿಡಿದ ಮೇಲೆ ಪಿಲ್ಲಗುಂಪೆ ಇಂಡಸ್ಟ್ರಿಯಲ್ ಏರಿಯಾದ ನಮ್ಮ ಮರಗೆಲಸದ ಶೆಡ್ ನನ್ನ ಹೆಗಲಿಗೆ ಬಂದಿದೆ. ಪ್ಯಾಕಿಂಗ್ ಪೆಟ್ಟಿಗೆ, ಪ್ಯಾಲೆಟ್ ಮಾಡುತ್ತೇವೆ. ನಾನು ತಂದ ಬ್ಯಾಂಡ್ ಸಾ ಬ್ಲೇಡ್‌ಗಳು ಬೇಗ ತುಂಡಾಗುತ್ತಿವೆ. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ಅಂಗಡಿಯಲ್ಲಿ ‘ಎಷ್ಟು ಹಲ್ಲಿನದು ಬೇಕು?’ ಅಂದರೆ ಬಾಯಿ ಕಟ್ಟುತ್ತದೆ, ಕೊಟ್ಟದ್ದನ್ನು ತರುತ್ತೇನೆ. ಹಳೆಯ ಕೆಲಸಗಾರರು ನಗುತ್ತಾರೆ. ರಾತ್ರಿ ನಿದ್ದೆಯಿಲ್ಲ. ಅಪ್ಪನಿಗೆ ಏನೂ ಹೇಳಿಲ್ಲ.
– ಹೆಸರು ಬೇಡ, ಪಿಲ್ಲಗುಂಪೆ

ಉತ್ತರ: ಅಪ್ಪನ ಕಾಯಿಲೆ, ದುಡ್ಡಿನ ಚಿಂತೆ, ಅನುಭವಿಗಳ ಕಣ್ಣು – ಮೂರೂ ಒಟ್ಟಿಗೆ ನಿಮ್ಮ ಮೇಲೆ ಬಿದ್ದಿವೆ. ಅದರ ನಡುವೆ ಎಲ್ಲರೆದುರು ಬ್ಲೇಡ್ ಪಟ್ಟನೆ ತುಂಡಾದರೆ ಎದೆ ಧಸಕ್ಕೆನ್ನುವುದು ಸಹಜ. ಅಪ್ಪ ಕಟ್ಟಿದ್ದು ನನ್ನ ಕೈಯಲ್ಲಿ ಹಾಳಾಗುತ್ತಿದೆಯೇ ಎಂಬ ಭಯ ಆ ಸದ್ದಿನ ಹಿಂದೆಯೇ ಬರುತ್ತದೆ.

ಆದರೆ ಬ್ಲೇಡ್ ಸವೆದು ಮುಗಿಯುವ ವಸ್ತು. ಯಂತ್ರದ ಚಕ್ರಗಳ ಮೇಲೆ ಪ್ರತಿ ಸುತ್ತಿಗೂ ಬಾಗಿ, ನೆಟ್ಟಗಾಗಿ ದಣಿಯುತ್ತದೆ; ಯಾರ ಕೈಯಲ್ಲಿದ್ದರೂ ಒಂದು ದಿನ ಮುರಿಯುತ್ತದೆ. ನಿಮ್ಮಲ್ಲಿ ಬೇಗ ಮುರಿಯುತ್ತಿದ್ದರೆ ಅದಕ್ಕೊಂದು ಕಾರಣವಿದೆ, ಅದನ್ನು ಪತ್ತೆ ಮಾಡಬಹುದು. ನೀವು ಈ ಕೆಲಸಕ್ಕೆ ಲಾಯಕ್ಕಿಲ್ಲ ಎಂದು ಇದರಿಂದ ತೀರ್ಮಾನಿಸಬೇಡಿ.

ಮೊದಲು ಮುರಿದ ಜಾಗ ನೋಡಿ. ಬೆಸುಗೆಯಲ್ಲೇ ಬಿಟ್ಟಿದ್ದರೆ ಜಾಯಿಂಟ್ ಸರಿಯಾಗಿರಲಿಲ್ಲ. ಆ ತುಂಡನ್ನೇ ಅಂಗಡಿಗೆ ಒಯ್ದು ತೋರಿಸಿ. ಹಲ್ಲುಗಳ ಸಂದಿನಿಂದ ಬಿರುಕು ಬಿಟ್ಟಿದ್ದರೆ ಬ್ಲೇಡ್ ದಪ್ಪ ಹೆಚ್ಚಾಗಿರಬಹುದು, ಬಿಗಿತ ಅತಿಯಾಗಿರಬಹುದು, ಇಲ್ಲವೇ ಮೊಂಡಾದ ಬ್ಲೇಡಿಗೆ ಮರವನ್ನು ಒತ್ತಿ ನೂಕಿರಬಹುದು. ದಪ್ಪಕ್ಕೊಂದು ಸ್ಥೂಲ ಲೆಕ್ಕವಿದೆ: ಚಕ್ರದ ವ್ಯಾಸದ ಸಾವಿರದಲ್ಲಿ ಒಂದು ಪಾಲು. 500 ಮಿ.ಮೀ. ಚಕ್ರಕ್ಕೆ ಸುಮಾರು 0.5 ಮಿ.ಮೀ.

ಎರಡನೆಯದು, ಬರಿಗೈಯಲ್ಲಿ ಅಂಗಡಿಗೆ ಹೋಗಬೇಡಿ. ಉದ್ದ, ಅಗಲ, ದಪ್ಪ, ಇಂಚಿಗೆ ಎಷ್ಟು ಹಲ್ಲು, ಯಾವ ಮರ – ಇಷ್ಟನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಎರಡೂ ಚಕ್ರ ಒಂದೇ ಅಳತೆಯವಾದರೆ, ನಡುಬಿಂದುಗಳ ಅಂತರದ ಎರಡರಷ್ಟಕ್ಕೆ ಒಂದು ಚಕ್ರದ ಸುತ್ತಳತೆ ಕೂಡಿಸಿದರೆ ಉದ್ದ ಸಿಗುತ್ತದೆ. ದಪ್ಪ ಮರ ಸೀಳಲು ಇಂಚಿಗೆ 3 ಹಲ್ಲು, ಒಂದಿಂಚಿನ ಹಲಗೆಗೆ 6ರ ಆಸುಪಾಸು. ಎಷ್ಟೇ ತೆಳುವಾದರೂ ಮೂರು ಹಲ್ಲಾದರೂ ಮರದೊಳಗಿರಬೇಕು. ನೇರ ಸೀಳಿಗೆ ಅಗಲದ ಬ್ಲೇಡ್, ತಿರುವಿಗೆ ಕಿರಿದು. ಹಳೆಯ ಪ್ಯಾಕಿಂಗ್ ಮರ ಕೊಯ್ಯುವುದಾದರೆ ಮೊದಲು ಅಯಸ್ಕಾಂತ ಆಡಿಸಿ; ಒಳಗೆ ಉಳಿದ ಒಂದು ಮೊಳೆ ಹೊಸ ಬ್ಲೇಡನ್ನೂ ಕೆಡಿಸುತ್ತದೆ.

ಮೂರನೆಯದು ಕಷ್ಟದ್ದು: ಕೇಳಿ. ಹಿರಿಯ ಕೆಲಸಗಾರರೊಬ್ಬರನ್ನು ಟೀ ಹೊತ್ತಿನಲ್ಲಿ ಒಬ್ಬರೇ ಇದ್ದಾಗ, ‘ಅಣ್ಣ, ಮುಂದಿನ ಬ್ಲೇಡ್ ಯಾವುದು ತರಲಿ?’ ಎಂದು ಕೇಳಿ. ಕೇಳದ ಯಜಮಾನನ ಬೆನ್ನಿಗೆ ನಗುವವರು, ಕೇಳಿದಾಗ ಮನಸ್ಸು ಬಿಚ್ಚಿ ಹೇಳಿಕೊಡುವುದುಂಟು. ಅಪ್ಪನನ್ನೂ ಕೇಳಿ. ಅವರ ನೆಮ್ಮದಿಗೆಂದು ಮುಚ್ಚಿಟ್ಟಿದ್ದೀರಿ, ನಿಜ. ಆದರೆ ಮಲಗಿದಲ್ಲೇ ಇರುವವರಿಗೆ, ತಮ್ಮ ಅನುಭವ ಇನ್ನೂ ಮಗನಿಗೆ ಬೇಕು ಎನ್ನುವುದೂ ಒಂದು ಆಸರೆ.

ಒಂದು ಮಾತು ಮಾತ್ರ ಖಡಾಖಂಡಿತ: ನಿದ್ದೆಗೆಟ್ಟ ದಿನ ಬ್ಯಾಂಡ್ ಸಾ ಮುಂದೆ ನಿಲ್ಲಬೇಡಿ. ಮೇನ್ ಸ್ವಿಚ್ ಆರಿಸದೆ, ಕೈಗವಸು ಹಾಕದೆ ಬ್ಲೇಡ್ ಬದಲಿಸಬೇಡಿ.

ಮರಗೆಲಸದ ಯಂತ್ರಗಳನ್ನು ಕ್ರಮವಾಗಿ ಕಲಿಯಬೇಕೆನಿಸಿದರೆ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ತರಬೇತಿಯ ಬಗ್ಗೆ ವಿಚಾರಿಸಿ. ನಿದ್ದೆ ಹೀಗೇ ದೂರವಾದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಅಪ್ಪ ಅಮ್ಮನ ಕಸುಬನ್ನು ದಿಢೀರನೆ ಹೊತ್ತುಕೊಂಡ ಎಷ್ಟೋ ಮಕ್ಕಳು ಇದನ್ನು ಓದುತ್ತಿರುತ್ತಾರೆ. ಅವರಿಗೂ ಇದೇ ಮಾತು: ಯಜಮಾನಿಕೆ ಒಂದೇ ದಿನದಲ್ಲಿ ಕೈಗೆ ಬರಬಹುದು, ಕಸುಬು ಬರುವುದಿಲ್ಲ. ಕಲಿಯಲು ಬೇಕಾದಷ್ಟು ಸಮಯವನ್ನು ನಿಮಗೆ ನೀವೇ ಕೊಟ್ಟುಕೊಳ್ಳಿ.