ಬಾಡಿಗೆ ವಾಹನದ ನೋಂದಣಿ ಫಲಕವನ್ನು ಓದುವ ಬಗೆ

ನೀರು ಪೂರೈಕೆಗೆ ಟ್ಯಾಂಕರನ್ನಾಗಲಿ, ಕಸ ಸಾಗಣೆಗೆ ಆಟೋವನ್ನಾಗಲಿ ಗ್ರಾಮ ಪಂಚಾಯಿತಿಯು ಬಾಡಿಗೆಗೆ ಪಡೆಯುವಾಗ ಮಾನ್ಯ ಸದಸ್ಯರು ಮೊದಲು ಗಮನಿಸಬೇಕಾದುದು ಅದರ ನೋಂದಣಿ ಫಲಕವನ್ನು.

'ಕೆಎ-16' ಎಂಬಲ್ಲಿ 'ಕೆಎ' ಕರ್ನಾಟಕವನ್ನೂ '16' ಚಿತ್ರದುರ್ಗದ ಸಾರಿಗೆ ಕಚೇರಿಯನ್ನೂ ಸೂಚಿಸುತ್ತವೆ. ಹಾಗೆಯೇ 25 ಧಾರವಾಡ, 36 ರಾಯಚೂರು. ಮುಂದಿನವು ಅಕ್ಷರ ಸರಣಿ ಮತ್ತು ಕ್ರಮಸಂಖ್ಯೆ. ಈ ಸಂಕೇತವು ನೋಂದಣಿಯಾದ ಸ್ಥಳವನ್ನು ತಿಳಿಸುತ್ತದೆಯೇ ಹೊರತು ಮಾಲೀಕರ ಇಂದಿನ ವಾಸಸ್ಥಳವನ್ನಲ್ಲ. ರಾಜ್ಯದೊಳಗೆ ಮಾರಾಟವಾದರೂ ಸಂಖ್ಯೆ ಬದಲಾಗುವುದಿಲ್ಲ. ಅನ್ಯರಾಜ್ಯದ ವಾಹನವು 12 ತಿಂಗಳಿಗೂ ಮೀರಿ ಇಲ್ಲಿಯೇ ಉಳಿದರೆ ಇಲ್ಲಿನ ಸಂಖ್ಯೆ ಪಡೆಯಬೇಕು.

ಫಲಕದ ಬಣ್ಣವು ಬಳಕೆಯನ್ನು ಸೂಚಿಸುತ್ತದೆ. ಬಿಳಿಯ ಮೇಲೆ ಕಪ್ಪು ಅಕ್ಷರವಿದ್ದರೆ ಸ್ವಂತ ಬಳಕೆ. ಹಳದಿಯ ಮೇಲೆ ಕಪ್ಪು ಅಕ್ಷರವಿದ್ದರೆ ಬಾಡಿಗೆ ಸಾರಿಗೆ. ವಿದ್ಯುತ್ ವಾಹನಗಳ ಫಲಕ ಹಸಿರು. ಅದರಲ್ಲಿ ಬಿಳಿ ಅಕ್ಷರ ಸ್ವಂತದ್ದಕ್ಕೆ, ಹಳದಿ ಅಕ್ಷರ ಬಾಡಿಗೆಯದಕ್ಕೆ.

ಬಿಳಿ ಫಲಕದ ವಾಹನವು ಬಾಡಿಗೆಗೆ ಓಡುವಾಗ ಅಪಘಾತವಾದರೆ ವಿಮಾ ಪರಿಹಾರಕ್ಕೆ ತಕರಾರು ಎದುರಾಗಬಹುದು. ಅದರ ನಷ್ಟ ಬೀಳುವುದು ಗಾಯಗೊಂಡ ಕಾರ್ಮಿಕರ ಕುಟುಂಬದ ಮೇಲೆ. ಆದುದರಿಂದ ಕರಾರಿಗೆ ಮುನ್ನವೇ ಫಲಕದ ಸಂಖ್ಯೆಯನ್ನು ನೋಂದಣಿ ಪತ್ರದೊಡನೆ ತಾಳೆ ನೋಡಿ, ವಿಮೆ ಹಾಗೂ ಎಫ್.ಸಿ. ಅವಧಿಯನ್ನು ಪರಿಶೀಲಿಸತಕ್ಕದ್ದು.