ಚಳಿಗಾಲವಿಲ್ಲದ ನಾಡಿನಲ್ಲಿ ದ್ರಾಕ್ಷಿ

ಜಯನಗರ, ಬನಶಂಕರಿಗಳ ಹಿತ್ತಲಿನಲ್ಲಿ ದ್ರಾಕ್ಷಿಬಳ್ಳಿ ನೆಟ್ಟವರ ದೂರು ಒಂದೇ: ಬಳ್ಳಿ ಚಪ್ಪರವನ್ನೆಲ್ಲ ತುಂಬುತ್ತದೆ, ಹಣ್ಣು ಮಾತ್ರ ಬಿಡದು. ಇದಕ್ಕೆ ಕಾರಣವೇನು? ಬಳ್ಳಿಗೆ ಇಲ್ಲಿ ನಿದ್ರೆಯೇ ಇಲ್ಲದಿರುವುದು.

ಯೂರೋಪಿನಲ್ಲಿ ಚಳಿಗೆ ಎಲೆಯುದುರಿಸಿ ಮಲಗಿದ ಬಳ್ಳಿ ವಸಂತದಲ್ಲಿ ಒಮ್ಮೆಗೇ ಚಿಗುರುತ್ತದೆ. 13 ಡಿಗ್ರಿ ಉತ್ತರ ಅಕ್ಷಾಂಶದ ನಮ್ಮಲ್ಲಿ ಆ ಚಳಿಯಿಲ್ಲ. ಚಳಿಗಾಲದ ಕೆಲಸವನ್ನು ಕತ್ತರಿಯೇ ಮಾಡಬೇಕು. ಆದುದರಿಂದ ವರ್ಷಕ್ಕೆ ಎರಡು ಸಲ ಬಳ್ಳಿಯನ್ನು ಸವರುತ್ತಾರೆ. ಏಪ್ರಿಲ್ ಸುಮಾರಿಗೆ ಮಾಡುವ ಚಾಟನಿಯಿಂದ ಹೊಸ ಕಡ್ಡಿಗಳು ಬೆಳೆಯುತ್ತವೆ. ಬೇಸಗೆಯ ಪ್ರಖರ ಬೆಳಕಿನಲ್ಲಿ ಅವುಗಳ ಕಣ್ಣುಗಳೊಳಗೆ ಮುಂದಿನ ಗೊಂಚಲಿನ ಅಂಕುರ ರೂಪುಗೊಳ್ಳುತ್ತದೆ. ಮಳೆಗಾಲದ ಕೊನೆಯ ಚಾಟನಿ ಆ ಕಣ್ಣುಗಳನ್ನು ಎಬ್ಬಿಸುತ್ತದೆ. ತುದಿಯ ಕಣ್ಣು ಮಾತ್ರವೇ ಒಡೆಯದಿರಲೆಂದು ಹೈಡ್ರೊಜನ್ ಸಯನಮೈಡ್ ದ್ರಾವಣವನ್ನು ಸವರುವುದೂ ಉಂಟು. ಅದು ವಿಷಕಾರಿಯಾದುದರಿಂದ ಕೈಗವಸು ಅವಶ್ಯಕ.

‘ಬೆಂಗಳೂರು ನೀಲಿ’ ದ್ರಾಕ್ಷಿ ನಮ್ಮ ಹವೆಗೆ ಬಹುಮಟ್ಟಿಗೆ ಒಗ್ಗಿದ ತಳಿ. ಆದರೆ 1988ರಲ್ಲಿ ಆರಂಭವಾದ ಗ್ರೋವರ್ ಸಂಸ್ಥೆಯು ನಂದಿಬೆಟ್ಟದ ತಪ್ಪಲಲ್ಲಿ ವೈನಿಗಾಗಿ ಬೆಳೆಸಿದ ಕ್ಯಾಬರ್ನೆ ಸೊವಿನ್ಯೋನ್, ಶಿರಾಜ್ ಮುಂತಾದ ಫ್ರೆಂಚ್ ತಳಿಗಳು ಸುಕುಮಾರವಾದುವು. ಅವುಗಳ ವಿಷಯದಲ್ಲಿ ಚಾಟನಿಯ ದಿನವನ್ನು ಆರಿಸುವುದೇ ಬೆಳೆಗಾರನ ಅತಿ ಕಠಿನ ಪರೀಕ್ಷೆ.

ಬೇಗನೆ ಸವರಿದರೆ ಎಳೆಯ ಚಿಗುರೂ ಹೂವೂ ಅಕ್ಟೋಬರಿನ ಮಳೆಗೆ ಸಿಕ್ಕುತ್ತವೆ. ಎಲೆಯ ಮೇಲೆ ಕೆಲವು ಗಂಟೆಗಳ ಕಾಲ ತೆಳುವಾದ ನೀರಿನ ಪೊರೆ ನಿಂತರೆ ಸಾಕು. ಬೂಜುತುಪ್ಪಟ ರೋಗದ ಸೂಕ್ಷ್ಮ ಬೀಜಕಗಳು ಅದರಲ್ಲಿ ಈಜಿ ಎಲೆಯ ಪತ್ರರಂಧ್ರಗಳೊಳಗೆ ನುಗ್ಗುತ್ತವೆ. ಮೈಲುತುತ್ತ, ಸುಣ್ಣಗಳ ಬೋರ್ಡೋ ದ್ರಾವಣ ರೋಗವನ್ನು ತಡೆಯಬಲ್ಲದು. ಆದರೆ ಅದನ್ನು ಮೊದಲೇ ಸಿಂಪಡಿಸಿರಬೇಕು, ಮಳೆ ತೊಳೆದೊಯ್ದರೆ ಮತ್ತೆ ಸಿಂಪಡಿಸಬೇಕು. ಹೂಬಿಡುವ ಸಮಯದಲ್ಲಿ ಎಚ್ಚರ ತಪ್ಪಿದರೆ ವರ್ಷದ ಫಲವೇ ಕೈಬಿಡಬಹುದು.

ಹಾಗಾದರೆ ತಡಮಾಡಿ ಸವರಬಾರದೇ? ಆಗ ಹಣ್ಣು ಮಾರ್ಚ್ ಕೊನೆಯ ಬಿಸಿಲಿನಲ್ಲಿ ಮಾಗಬೇಕಾಗುತ್ತದೆ. ಉಷ್ಣತೆ ಏರಿದಂತೆ ಹಣ್ಣಿನ ಉಸಿರಾಟ ಚುರುಕಾಗಿ, ಅದರಲ್ಲಿನ ಮ್ಯಾಲಿಕ್ ಆಮ್ಲ ವ್ಯಯವಾಗುತ್ತದೆ. ಸಕ್ಕರೆಯಿದ್ದೂ ಹುಳಿಯಿಲ್ಲದ ರಸದಿಂದ ಒಳ್ಳೆಯ ವೈನ್ ಆಗದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ ನಮಗೆ ಒದಗಿದ ಭಾಗ್ಯ: ಕಿಲೋಮೀಟರಿಗೆ ಆರೂವರೆ ಡಿಗ್ರಿಯಂತೆ, ಇಲ್ಲಿಯ ಹವೆ ಕರಾವಳಿಗಿಂತ ಸುಮಾರು 6 ಡಿಗ್ರಿ ಸೆಲ್ಸಿಯಸ್ ತಂಪು.

ಕೊಯ್ಲಿನ ದಿನವನ್ನು ತಿಳಿಸುವುದು ಬೆಳಕು. ವಕ್ರೀಭವನಮಾಪಕದ ಗಾಜಿನ ಮೇಲೆ ಒಂದು ತೊಟ್ಟು ರಸ ಹಾಕಿ ನೋಡುತ್ತಾರೆ. ಶುದ್ಧ ನೀರಿನ ವಕ್ರೀಭವನಾಂಕ 1.333; ನೂರು ಗ್ರಾಂ ದ್ರಾವಣದಲ್ಲಿ 22 ಗ್ರಾಂ ಸಕ್ಕರೆಯಿದ್ದರೆ ಅದು ಸುಮಾರು 1.367. ಈ ಅಲ್ಪ ವ್ಯತ್ಯಾಸವೇ ಹಣ್ಣು ಮಾಗಿದುದರ ಸಾಕ್ಷಿ. ಆದರೂ ಹುಳಿಯನ್ನು ಬೇರೆಯಾಗಿಯೇ ಅಳೆಯಬೇಕು.

ಹಿತ್ತಲಿನ ಬಳ್ಳಿಗೂ ಇದೇ ನಿಯಮ. ಗೊಬ್ಬರ ಹೆಚ್ಚಿಸುವ ಮೊದಲು ಪಂಚಾಂಗವನ್ನೂ ಆಕಾಶವನ್ನೂ ನೋಡಿ, ಕತ್ತರಿಯನ್ನು ಕೈಗೆ ತೆಗೆದುಕೊಳ್ಳಬೇಕು.